ಅರವತ್ತೈದು ಅಡಿ

ವಾರವೆಲ್ಲ ಅಹ್ಮದಿಯ ರಿಫೈನರಿಯಲ್ಲಿ
ಅಟ್ಟಣಿಗೆಯ ಕೊಳವೆ ತಟ್ಟಿ ನೋಡಿ
ಹಸಿರು ಚೀಟಿ ಕಟ್ಟುವವನು ನಾನು: ಸೇಫ್.
ಶುಕ್ರವಾರ ಸಂಜೆ ಅದೇ ಮಾತನ್ನು
ಎರಡೂ ಕೈ ಚಾಚಿ ಹೇಳುತ್ತೇನೆ.
ನೀಲಿ ಅಂಗಿ. ಹೆಸರು ಯಾರಿಗೂ ಬೇಡ,
ಬ್ಲೂ ಎಂದರೆ ತಿರುಗುತ್ತೇನೆ.

ಏಳನೆಯ ಇನಿಂಗ್ಸ್. ಇಬ್ಬರು ಔಟ್.
ಮೂರನೆಯ ಬೇಸಿನಲ್ಲೊಬ್ಬಳು, ಒಂದೇ ರನ್ನಿನ ಅಂತರ.
ಬ್ಯಾಟು ಹಿಡಿದು ಬಂದವಳು ಲುಸ್‌ವಿಮಿಂಡಾ,
ಫಹಾಹೀಲಿನ ಹಲ್ಲಿನ ಕ್ಲಿನಿಕ್ಕಿನ ನರ್ಸು.
ಹನ್ನೊಂದು ವರ್ಷದ ಇಖಾಮಾ ಮಂಗಳವಾರಕ್ಕೆ ಮುಗಿಯುತ್ತದೆ,
ಟಿಕೆಟ್ಟು ಸೋಮವಾರದ್ದು.
ಎಲ್ಲರಿಗೂ ಗೊತ್ತು. ಎದುರು ತಂಡದವರು
ಚಂದಾ ಎತ್ತಿ ಕೇಕು ಕೂಡ ತಂದಿದ್ದಾರೆ.

ಆದರೂ ಕ್ಯಾಚರ್ ಎರ್ಲಿಂಡಾ ಮುಖದ ಜಾಲರಿ ಎತ್ತಿ
ಮೆಲ್ಲಗೆ: "ಬ್ಲೂ, ಇವಳನ್ನು ನಡೆಸಿಬಿಡಿ."
ಅಷ್ಟು ಸಾಕು. ಚೆಂಡು ಎಸೆಯಬೇಕಿಲ್ಲ,
ನಾಲ್ಕು ಬಾಲಿನ ಲೆಕ್ಕ ಒಂದು ಮಾತಿಗೆ ತೀರುತ್ತದೆ.
ಯಾಕೆ ಎನ್ನುವ ಹಕ್ಕು ನನಗಿಲ್ಲ,
ಒಲ್ಲೆ ಎನ್ನುವ ಹಕ್ಕು ಅವಳಿಗಿಲ್ಲ.
ಕೈ ಎತ್ತಿದೆ, ಚೆಂಡು ಸತ್ತಿತು.
ಮೊದಲ ಬೇಸಿನ ಕಡೆ ಬೆರಳು ತೋರಿಸಿದೆ.

"ಒಂದೇ ಒಂದು ಬಾಲು, ಬ್ಲೂ?"
ಇಲ್ಲ ಎಂದೆ.
ಬ್ಯಾಟನ್ನು ಎಸೆಯಲಿಲ್ಲ ಅವಳು,
ಟ್ರೇಯಲ್ಲಿ ಇಕ್ಕಳ ಇಡುವ ಹಾಗೆ
ಸದ್ದಿಲ್ಲದೆ ನೆಲಕ್ಕಿಟ್ಟು ಹೊರಟಳು.

ಅವಸರವೆಲ್ಲ ಉಳಿದವರಿಗೆ.
ಒಂಬತ್ತಕ್ಕೆ ದೀಪ ಆರುತ್ತದೆ,
ಬೇಲಿಯಾಚೆ ಕ್ರಿಕೆಟ್‌ನವರು ಮ್ಯಾಟು ಸುತ್ತಿಕೊಂಡು ನಿಂತಿದ್ದಾರೆ.
ಎರ್ಲಿಂಡಾ ಮತ್ತೆ: "ಮುಂದಿನವಳನ್ನೂ ನಡೆಸಿ."
ಕೇಳಿಸಲಿಲ್ಲ ಎಂದೆ.
"ಮುಂದಿನವಳನ್ನೂ..."
"ಮೊದಲಿನವಳು ಬೇಸು ಮುಟ್ಟುವ ತನಕ
ಎರಡನೆಯವಳ ಮಾತು ನನ್ನ ಕಿವಿಗೆ ಬೀಳದು.
ಅದೂ ನಿಯಮವೇ."

ಅರವತ್ತೈದು ಅಡಿ ಎಂದು ಬರೆದಿದೆ.
ಎಷ್ಟು ಹೊತ್ತಿನಲ್ಲಿ ಎಂದು,
ನನ್ನ ಕಣ್ಣಿಗಂತೂ ಬಿದ್ದಿಲ್ಲ.
ಬೆನ್ನು ತಿರುಗಿಸಿ, ಬಗ್ಗಿ,
ಹೋಮ್ ಪ್ಲೇಟಿನ ಮರಳು ಗುಡಿಸಿದೆ.
ಗುಡಿಸಿದ್ದನ್ನೇ ಗುಡಿಸಿದೆ.
ಬುರ್ಗಾನ್ ಕಡೆಯ ಗಾಳಿ ಇನ್ನಷ್ಟು ತಂದು ಸುರಿಯಿತು,
ಪುಣ್ಯ ಬರಲಿ ಅದಕ್ಕೆ.

ಆಮೇಲೆ ಹೇಳುವಂಥದ್ದೇನಿಲ್ಲ.
ಮುಂದಿನವಳೂ ನಡೆದಳು, ನಡೆದದ್ದೇನು, ಓಡಿಯೇ ಹೋದಳು.
ಅವಳ ಹಿಂದಿನ ಹುಡುಗಿ ಎತ್ತಿ ಹೊಡೆದದ್ದು
ನೆಟ್ಟಗೆ ಪಿಚರಿನ ಕೈಗೇ ಬಿತ್ತು.
ಕೇಕು ಕತ್ತರಿಸಿದರು.

ಕಾಗದದ ತಟ್ಟೆ ನನ್ನ ಕೈಗಿಟ್ಟು ಲುಸ್ ಹೇಳಿದಳು:
"ಮೊದಲ ಬೇಸಿನ ಸುಣ್ಣದ ಗೆರೆ
ನಡುವೆ ಒಂದು ಗೇಣು ಸೊಟ್ಟ ಇದೆ, ಬ್ಲೂ.
ಇಷ್ಟು ವರ್ಷ ಓಡಿದ್ದೇನೆ, ಕಂಡಿರಲಿಲ್ಲ."

ದಾರ ಕಟ್ಟಿ ಎಳೆದವನು ನಾನೇ.