ಕಲ್ಲು ಕೂರುವ ಸದ್ದು

ಮೂರನೆಯ ಬಾರಿ ಬಂದಿದ್ದಾರೆ ಬೆಲ್ಮೀರೊ.
ಎಡತೋಳಿನ ಗುಂಡಿ ಬಿಚ್ಚಲು ಬಲಗೈ ಬೇಕು,
ನೋಯುವುದು ಅದೇ.
ನಾನು ನೆರವಿಗೆ ಹೋಗುವುದಿಲ್ಲ,
ಮೊದಲ ದಿನ ಹೋಗಿ ಬೈಸಿಕೊಂಡಿದ್ದೆ.

ನಲವತ್ತೊಂದು ವರ್ಷ ಲಿಸ್ಬನ್ನಿನ ಕಾಲುದಾರಿಗಳಲ್ಲಿ
ಮಂಡಿಯೂರಿ
ಬಿಳಿಗಲ್ಲು ಕರಿಗಲ್ಲು ಬಡಿದು ಕೂರಿಸಿದವರು.
ಅಲೆ, ಹಡಗು, ಹಗ್ಗದ ಗಂಟು,
ಒಂದು ಬ್ಯಾಂಕಿನ ಲಾಂಛನ ಕೂಡ:
ಬ್ಯಾಂಕು ಮುಳುಗಿತು, ಕಲ್ಲು ಇದೆ ಎನ್ನುತ್ತಾರೆ.
ಈಗ ಮೊಣಕೈಯ ಹೊರಬದಿಗೆ
ಕಡಲೆಕಾಳಿನಷ್ಟು ಜಾಗದಲ್ಲಿ
ಆ ಊರೆಲ್ಲ ಬಂದು ಕೂತಿದೆ.
ಮುಲಾಮು, ಸೂಜಿ, ಅತ್ತಿಗೆ ಕೊಟ್ಟ ತಾಮ್ರದ ಬಳೆ,
ಎಲ್ಲ ಆಗಿ ಕೊನೆಗೆ ಇಲ್ಲಿಗೆ.

ಜೆಲ್ ಸವರುತ್ತೇನೆ. ತಣ್ಣಗಿದೆ ಎಂದು ಗೊಣಗುತ್ತಾರೆ.
ಎರಡು ಸಾವಿರ ಏಟು, ಸೆಕೆಂಡಿಗೆ ಹತ್ತು.
ಟಕಟಕಟಕ ಶುರುವಾದದ್ದೇ
ಹಲ್ಲು ಕಚ್ಚಿ, ಗೋಡೆಯ ಕ್ಯಾಲೆಂಡರಿನ ಸಂತನನ್ನು
ಸಾಲಗಾರನನ್ನು ನೋಡುವ ಹಾಗೆ ನೋಡುತ್ತಾರೆ.
"ಆಘಾತದ ಅಲೆಯಂತೆ! ನಾನು ಹಾಸಿದ ಅಲೆ
ಯಾರಿಗೂ ಹೀಗೆ ಚುಚ್ಚಲಿಲ್ಲ.
ಸುತ್ತಿಗೆಯಿಂದ ಕೆಟ್ಟದ್ದಕ್ಕೆ ಸುತ್ತಿಗೆಯಿಂದಲೇ ರಿಪೇರಿಯೆ, ಡಾಕ್ಟರಮ್ಮ?"

ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳಲಿ.
ಹಳೆಯ ಗಾಯವನ್ನು ಮೈ ಮರೆತುಬಿಟ್ಟಿರುತ್ತದೆ,
ತಟ್ಟಿ ಎಬ್ಬಿಸುವುದಷ್ಟೇ ನಮ್ಮ ಕೆಲಸ ಎನ್ನುತ್ತೇನೆ,
ತರಬೇತಿಯಲ್ಲಿ ಕಲಿತ ಮಾತು.
ನಿಜವೇ ಅಂತ ಕೇಳಿದರೆ,
ಕೆಲವರಿಗೆ ಹೌದು.

ಎಂಟುನೂರರ ಹತ್ತಿರ ಕಣ್ಣು ಮುಚ್ಚಿದರು.
"ತಾಳು. ಅಲ್ಲಲ್ಲ, ಒಂದು ಬೆರಳು ಕೆಳಗೆ.
ಕಿವಿ ಕೊಡು. ಕಲ್ಲು ಕೂರದಿದ್ದರೆ ಸದ್ದು ಟೊಳ್ಳು,
ಮರಳು ತಬ್ಬಿದ ಮೇಲೆ ದನಿ ದಪ್ಪ."
ಸರಿಸಿದೆ. ನನ್ನ ಕಿವಿಗೆ ಎಲ್ಲ ಒಂದೇ ಟಕಟಕ.
ಅವರಿಗೇನೋ ತಿಳಿಯಿತು;
"ಹ್ಞಾಂ, ಅದೇ" ಎಂದು
ಬೈಗುಳವೊಂದನ್ನು ಅರ್ಧ ನುಂಗಿದರು.

ಎರಡು ಸಾವಿರ. ಯಂತ್ರ ಸುಮ್ಮನಾಯಿತು.
ಹೇಗಿದೆ?
"ಹೋಗಿಲ್ಲ. ಆದರೆ ಬೆಂಚಿನ ಮೇಲೆ
ಕೊಂಚ ಸರಿದು ಜಾಗ ಬಿಟ್ಟಿದೆ."
ಗುಂಡಿ ಹಾಕದೆಯೇ ಹೊರಟರು, ಛತ್ರಿ ಮರೆತು.

ಸಂಜೆ ಬೀಗ ಹಾಕಿ ಇಳಿಜಾರು ಇಳಿಯುವಾಗ
ನನ್ನ ಹೆಬ್ಬೆರಳ ಬುಡ ಸಿಡಿಯುತ್ತಿತ್ತು,
ಆ ಹಿಡಿಕೆ ಹಿಡಿದು ಹಿಡಿದು. ಯಾರಿಗೂ ಹೇಳಿಲ್ಲ.
ಔಷಧದಂಗಡಿಯ ಮುಂದೆ
ಕಾಲಡಿಗೆ ಒಂದು ಬಿಳಿಗಲ್ಲು ಅಲುಗಿತು.
ನಿಂತೆ. ಹಿಮ್ಮಡಿಯಿಂದ ಮೆಲ್ಲನೆ ಕುಟ್ಟಿದೆ.
ಟೊಳ್ಳು.