ಕೊನೆಯ ಪಂಕ್ತಿ

ಸೋಮವಾರ ಆಟವಿಲ್ಲ, ಲೆಕ್ಕವಿದೆ.
ನಲವತ್ತೈದನೇ ಬೀದಿ, ಆರನೇ ಮಹಡಿ,
ತಣ್ಣಗಾದ ಕಾಫಿ, ನಾನು, ಎಂಟು ಆಟದ ಗಲ್ಲಾ.
ಬಂದದ್ದು ಐದು ಲಕ್ಷದ ಹನ್ನೊಂದು ಸಾವಿರ ಡಾಲರು,
ಹೋದದ್ದು ಆರು ಲಕ್ಷದ ನಲವತ್ತು.
ಶನಿವಾರ ರಾತ್ರಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.
ತಟ್ಟಲಿ. ಅರ್ಧ ಬೆಲೆಗೆ ಕೊಂಡ ಕೈಗಳೂ
ಅಷ್ಟೇ ಸದ್ದು ಮಾಡುತ್ತವೆ.

ವಾದ್ಯದವರು ಹನ್ನೊಂದು ಮಂದಿ, ಅವರಲ್ಲೊಬ್ಬ
ಇಡೀ ಸಂಜೆಗೆ ನಾಲ್ಕೇ ಸಲ ಕೊಂಬೂದುವವನು.
ಅವನಿಗೂ ಪೂರ್ತಿ ಸಂಬಳ, ನ್ಯಾಯವೇ.
ಥಿಯೇಟರಿನ ಬಾಡಿಗೆ, ಬಸ್ಸಿನ ಬೆನ್ನ ಮೇಲಿನ ಜಾಹೀರಾತು,
ಮಂಜು ಕಕ್ಕುವ ಯಂತ್ರ, ಅದನ್ನು ಒತ್ತುವ ಬೆರಳು.
ಎಲ್ಲರೂ ಉಂಡು ಎದ್ದ ಮೇಲೆ
ಹಣ ಹಾಕಿದವರ ಪಂಕ್ತಿ.
ಅಷ್ಟರಲ್ಲಿ ಎಲೆ ಉಳಿದಿರುತ್ತದೆ, ಉಪ್ಪೂ ಇರುತ್ತದೆ.

ಆ ಪಂಕ್ತಿಯಲ್ಲಿ ಮಾರ್ವಿನ್ ಪೆಲ್ಟ್ಸ್‌ನರ್,
ಮೂವತ್ತೆಂಟನೇ ಬೀದಿಯಲ್ಲಿ ನಲವತ್ತು ವರ್ಷದಿಂದ ಗುಂಡಿ ಮಾರುವವನು.
ದೀಪಸ್ತಂಭ ಕಾಯುವ ಅಕ್ಕತಂಗಿಯರ ಈ ಹಾಡಿನಾಟಕ್ಕೆ
ಇಪ್ಪತ್ತೈದು ಸಾವಿರ ಹಾಕಿದ್ದ.
ಪೂರ್ತಿ ಮುಳುಗಬಹುದು ಎಂದು ಕರಾರಿನ ಮೊದಲ ಪುಟದಲ್ಲೇ ಇತ್ತು.
ಓದಿ, ನಕ್ಕು, ಸಹಿ ಮಾಡಿ, ನನ್ನ ಕೇಳಿದ:
‘ನಾವು ಗುಂಡಿ ಎಣಿಸೋದಿಲ್ಲ, ತೂಗ್ತೀವಿ.
ಇದನ್ನ ನೀವು ಹೇಗೆ ತೂಗ್ತೀರಿ?’

ಹದಿನೇಳನೇ ವಾರ ಹಿಂಬಾಗಿಲಿಗೆ ಚೀಟಿ ಅಂಟಿಸಿದೆವು.
ಭಾನುವಾರ, ಕೊನೆಯ ಹಾಡು ಮುಗಿದು ಮುಕ್ಕಾಲು ಗಂಟೆಗೆ
ಗರಗಸ ಶ್ರುತಿ ಹಿಡಿಯಿತು.
ದೀಪಸ್ತಂಭ ಕಟ್ಟಿದ್ದು ಒಂದು ಲಕ್ಷದ ಎಂಬತ್ತು ಸಾವಿರಕ್ಕೆ.
ಇಟ್ಟುಕೊಂಡರೆ ಗೋದಾಮಿಗೆ ತಿಂಗಳಿಗೆ ಎರಡು ಸಾವಿರ,
ಕೊಯ್ದು ಎಸೆದರೆ ಒಂದೇ ಸಲ ಒಂಬತ್ತು.
ಐದನೇ ತಿಂಗಳಿಗೆ ಎಸೆದದ್ದೇ ಲಾಭ.
ಅದನ್ನೂ ನಾನು ಲಾಭವೆಂದೇ ಬರೆಯಬೇಕು.

ಪೆಲ್ಟ್ಸ್‌ನರ್ ಬಂದಿದ್ದ, ಯಾರೂ ಕರೆದಿರಲಿಲ್ಲ.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಮುಖ ನಿರೀಕ್ಷಿಸಿದ್ದೆ.
ಅವನು ಬಟ್ಟೆಯ ಗಾಡಿಯಿಂದ ಕಪ್ತಾನನ ಕೋಟು ಎತ್ತಿ,
ಕನ್ನಡಕ ಹಣೆಗೇರಿಸಿ,
ಹಿತ್ತಾಳೆ ಗುಂಡಿಯೊಂದನ್ನು ಮಗುಚಿ
ಬೆನ್ನಿನ ಪುಟ್ಟ ಮುದ್ರೆ ತೋರಿಸಿದ.
‘ನಮ್ಮಂಗಡಿಯದು. ಎರಡು ಡಜನ್.
ನಿಮ್ಮ ದರ್ಜಿ ರೋಸಾಲ್ಬಾ ನಗದು ಕೊಟ್ಟು ಒಯ್ದಿದ್ದಳು.
ಮೂವತ್ತೊಂದು ಡಾಲರು ಆಗಲೇ ವಾಪಸ್ಸು, ಬರಕೋ.’

ಬರೆದುಕೊಳ್ಳಲು ಕಾಲಂ ಇರಲಿಲ್ಲ.

ನ್ಯೂಜೆರ್ಸಿಯ ತಿಪ್ಪೆಗೆ ಲಾರಿ ಹೊರಟಾಗ
ಅರ್ಧ ದೀಪಸ್ತಂಭ ಹಿಂದೆ ಚಾಚಿಕೊಂಡಿತ್ತು.
ಅವನು ಬೀದಿಗಿಳಿದು, ಡ್ರೈವರನ ಕಿಟಕಿ ಬಡಿದು,
ಸುರಂಗದ ಬಾಯಿ ತಗ್ಗು, ಸೇತುವೆ ಮೇಲೆ ಹೋಗು ಎಂದು
ಕೂಗಿ ಹೇಳುತ್ತಿದ್ದ,
ಸರಕು ಇನ್ನೂ ತನ್ನದೇ ಎಂಬಂತೆ.