ಯಾರ್ಯಾರಿಗೆ ಏನೇನು ಕಾಣಬೇಕು

ಶುಕ್ರವಾರದೊಳಗೆ ಪಟ್ಟಿ ಸರಿಯಾಗಬೇಕು ಅಂತ ಪತ್ರ ಬಂದಿದೆ.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಮಹಡಿ ಮೇಲೆ
ಫ್ಯಾನು ತಿರುಗಿದರೂ ವಾಸನೆ ಅಲುಗದ ಕೋಣೆಯಲ್ಲಿ
ನಾನು, ಒಂದು ಪರದೆ, ಇನ್ನೂರ ಹದಿನಾಲ್ಕು ಹೆಸರು.

ರೈತರಿಗೆ ತಮ್ಮ ತಮ್ಮ ಲಾಟು ಕಂಡರೆ ಸಾಕು.
ರೀಲರುಗಳಿಗೆ ಎಲ್ಲ ಲಾಟೂ ಕಾಣಬೇಕು,
ಪಕ್ಕದವನು ಒತ್ತಿದ ಬೆಲೆ ಮಾತ್ರ ಕಾಣಬಾರದು.
ತೂಕದವರು ಬರೆಯಬಹುದು, ಬರೆದದ್ದನ್ನು ಅಳಿಸುವಂತಿಲ್ಲ.
ಮೇಲ್ವಿಚಾರಕರಿಗೆ, ಗಂಟೆ ಬಾರಿಸುವ ಮೊದಲೇ, ಎಲ್ಲವೂ.
ಹೀಗೆ ನಾಲ್ಕು ಗುಂಪು. ಐದನೆಯದರಲ್ಲಿ ನಾನೊಬ್ಬಳೇ,
ಯಾವ ಹೆಸರು ಎಲ್ಲಿ ಅಂತ ಕೂರಿಸುವವಳು.

ಇದನ್ನು ಕಲಿಸಲು ಮೂರು ದಿನದ ತರಬೇತಿ ಕೊಟ್ಟರು.
ನಗು ಬಂತು. ನನಗಿದನ್ನು ಅಮ್ಮ ಕಲಿಸಿದ್ದಳು
ಹುಳುಮನೆಯ ಹೊಸ್ತಿಲಲ್ಲಿ, ಸುಣ್ಣದ ಗೆರೆ ಎಳೆದು.

ನಶ್ಯ ಏರಿಸುವ ಮಾವ ಕಿಟಕಿಯವರೆಗೆ.
ಮಲ್ಲಿಗೆ ಮುಡಿದು ಬಂದ ಅತ್ತಿಗೆ ಅಂಗಳದವರೆಗೆ.
ಕಾಲು ಅದ್ದಿಕೊಂಡು ಬಂದರೆ ನಾನು, ಸೊಪ್ಪಿನ ಕುಕ್ಕೆಯವರೆಗೆ;
ತಟ್ಟೆ ಮುಟ್ಟುವಂತಿಲ್ಲ, ಎರಡನೇ ಜ್ವರ ಏಳುವತನಕ.
ಅಪ್ಪ ಕೂಡ ಕೇಳಿಯೇ ಬರಬೇಕು.
ಒಮ್ಮೆ ಇಲಾಖೆಯ ಸಾಹೇಬರು ಬೂಟುಗಾಲಲ್ಲಿ ನಿಂತಾಗ
ಅಮ್ಮ ಏನೂ ಅನ್ನಲಿಲ್ಲ. ಬ್ಲೀಚಿಂಗ್ ನೀರಿನ ಬೋಗುಣಿಯನ್ನು
ಕಾಲಿನಿಂದ ಅವರತ್ತ ಒಂದಿಷ್ಟು ತಳ್ಳಿದಳು.
ಹುಳುವಿಗೆ ಯಾರ ಮೇಲೂ ಕೋಪವಿಲ್ಲ, ಅನ್ನುತ್ತಿದ್ದಳು,
ಬಂದದ್ದು ಯಾರು ಅಂತ ಅದಕ್ಕೆ ಬೇಕಿಲ್ಲ,
ಏನು ಹೊತ್ತು ತಂದರು ಅಂತ ಬೇಕು.

ನೂರಾ ಅರವತ್ತಾರನೇ ಸಾಲಿನಲ್ಲಿ ಕೈ ನಿಂತಿತು.
ಪಿಳ್ಳಾಂಜಿನಪ್ಪ. ಕೆಲಸ: ತೂಕ. ಗುಂಪು: ಮೇಲ್ವಿಚಾರಕ.
ಏಳು ವರ್ಷದಿಂದ.
ಕಾಟಾ ಕೆಟ್ಟ ದಿನ, ಸಾಲು ಬಸ್‌ಸ್ಟ್ಯಾಂಡಿನವರೆಗೆ ಬೆಳೆದ ದಿನ
ನನಗಿಂತ ಹಿಂದಿದ್ದ ಶೇಷಗಿರಿ ಅವಸರದಲ್ಲಿ
ತನ್ನದೇ ಹಕ್ಕುಗಳನ್ನು ನಕಲು ಮಾಡಿ ಅವನಿಗೆ ಅಂಟಿಸಿದ್ದ.
ಆಮೇಲೆ ಮರೆತಿದ್ದ, ಆಮೇಲೆ ವರ್ಗವಾಗಿ ಹೋಗಿದ್ದ.

ಏಳು ವರ್ಷ, ಇಡೀ ಮಾರ್ಕೆಟ್ಟಿನ ಮುಚ್ಚಿದ ಬೆಲೆಗಳು
ಆ ಮನುಷ್ಯನ ಬೆರಳಿಗೆ ಒಂದು ತುದಿಯಷ್ಟು ದೂರ.
ಕಿಲೋಗೆ ಐದು ರೂಪಾಯಿಯ ಸುಳಿವು ಸಿಕ್ಕರೂ
ಅವನ ಮಗಳ ಮದುವೆಯನ್ನೇ ಮಾಡಿಕೊಟ್ಟಾರು ಕೆಲವರು.

ದಾಖಲೆ ತೆಗೆದು ನೋಡಿದೆ. ಒಂದೇ ಒಂದು ಸಲ ತೆರೆದಿದ್ದಾನೆ,
ಆಷಾಢದಲ್ಲಿ, ಹನ್ನೊಂದು ನಲವತ್ತಕ್ಕೆ. ನಾಲ್ಕು ಸೆಕೆಂಡು.

ಟೀ ಹೊತ್ತಿಗೆ ಕೆಳಗಿಳಿದು ಕೇಳಿದೆ.
ತಟ್ಟೆಗೆ ಅಂಟಿದ ಗೂಡೊಂದನ್ನು ಬಿಡಿಸುತ್ತ,
‘ಅದಾ? ಕೈ ತಪ್ಪಿ ಒತ್ಬಿಟ್ಟೆ ಕಣಮ್ಮ.
ಎಲ್ಲಾರ ಅಂಕಿನೂ ಸಾಲಾಗಿ ನಿಂತಿದ್ವು.
ಯಾರೋ ಒಳಗಿರೋವಾಗ ಬಚ್ಚಲು ಬಾಗ್ಲು ತೆಗ್ದಂಗಾಯ್ತು.
ಮುಚ್ಬುಟ್ಟೆ.’
ಯಾರಿಗೂ ಹೇಳಲಿಲ್ಲವಾ, ಅಂದೆ.
‘ಏನಂತ ಹೇಳೋದು? ನೋಡ್ದೆ ಅಂತಲಾ?’

ಮೇಲೆ ಬಂದೆ. ಪತ್ರದಲ್ಲಿ ಇವನಿಗೊಂದು ಕಲಂ ಇಲ್ಲ.
ದುರುಪಯೋಗ: ಇದೆ, ಇಲ್ಲ. ಅಷ್ಟೇ, ಎರಡು ಚೌಕ.
ತಿರುಗಿ ನೋಡದವರಿಗೆ ಯಾವ ಗುಂಪು ಮಾಡಲಿ?
ಮಾಡಿದರೂ ಯಾರ್ಯಾರನ್ನು ಸೇರಿಸಲಿ,
ನನ್ನನ್ನು ಸೇರಿಸಿಕೊಳ್ಳಬಹುದಾ, ಅಂದುಕೊಂಡಾಗ
ಕಳೆದ ತಿಂಗಳು ಬೇರೆಯವರ ಸಂಬಳದ ಹಾಳೆಯ ಮುಂದೆ
ನಾನು ಕೂತ ಹನ್ನೊಂದು ನಿಮಿಷ ನೆನಪಾಯಿತು.

ತೆಗೆದೆ. ತೆಗೆಯಲೇಬೇಕು.
ಖಚಿತವೇ, ಎಂದಿತು ಪರದೆ. ಹೌದು ಅಂದೆ.
ಅವನ ಹೆಸರು ತೂಕದವರ ನಡುವೆ ಹೋಗಿ ಕೂತಿತು,
ಏನನ್ನೂ ಕಳೆದುಕೊಂಡಂತೆ ಕಾಣಲಿಲ್ಲ.
ಅಮ್ಮನಾಗಿದ್ದರೂ ತೆಗೆಯುತ್ತಿದ್ದಳು;
ಒಳ್ಳೆಯವರ ಕಾಲಿಗೂ ನೀರು ಅದೇ.

ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ನಿಂತಿದ್ದೆವು,
ನಾನು, ಸಾದಲಿಯಿಂದ ಬಂದ ಎರಡು ಟೆಂಪೊ,
ಚೀಲಕ್ಕೊರಗಿ ತೂಕಡಿಸುವ ನಾಲ್ಕೈದು ಜನ.
ಪಿಳ್ಳಾಂಜಿನಪ್ಪ ಸೈಕಲ್ಲಿಂದ ಇಳಿದು
ಉಡಿದಾರದಿಂದ ಬೀಗದ ಕೈ ಬಿಚ್ಚಿದ.
ಅದನ್ನವನಿಗೆ ಯಾರು ಕೊಟ್ಟರೋ, ಯಾವ ಪಟ್ಟಿಯಲ್ಲೂ ಇಲ್ಲ.
ಸರಪಳಿ ಜಾರಿತು. ‘ಬನ್ನಿ’ ಅಂದ,
ಮೊದಲು ಗೂಡು ತಂದವರಿಗೆ,
ಆಮೇಲೆ ನನಗೆ.